ಓದುಗರ ಪ್ರಶ್ನೆ: ಹನ್ನೊಂದು ಪುಟದ ಸಿವಿ, ಯಾವುದನ್ನು ತೆಗೆಯಲಿ?

ಈ ಸಲ ಬಂದ ಪತ್ರಗಳು ಹೆಚ್ಚು ಕಡಿಮೆ ಒಂದೇ ವಿಷಯದವು. ಉಪನ್ಯಾಸಕ ಹುದ್ದೆಗೋ, ಪಿಎಚ್‌ಡಿಗೋ ಅರ್ಜಿ ಹಾಕುವವರು ಸಿವಿ ಹೇಗೆ ಬರೆಯಬೇಕು ಅಂತ ಕೇಳಿದ್ದಾರೆ. ಕೆಲವರು ತಮ್ಮ ಸಿವಿಯನ್ನೇ ಕಳಿಸಿದ್ದಾರೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಮೇಡಂ, ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಅತಿಥಿ ಉಪನ್ಯಾಸಕ. ಎಂಟು ವರ್ಷದ ಅನುಭವ ಇದೆ. ಕೆ-ಸೆಟ್ (ಉಪನ್ಯಾಸಕ ಹುದ್ದೆಯ ರಾಜ್ಯ ಅರ್ಹತಾ ಪರೀಕ್ಷೆ) ಆಗಿದೆ, ಪಿಎಚ್‌ಡಿಯೂ ಆಗಿದೆ. ಸಿವಿ ಹನ್ನೊಂದು ಪುಟ ಇದೆ, ಆದರೆ ಸಂದರ್ಶನಕ್ಕೆ ಕರೆ ಬರುವುದೇ ಕಡಿಮೆ. ಯಾವುದನ್ನು ತೆಗೆಯಲಿ? (ಕೊಪ್ಪಳ)

ನಿಮ್ಮ ಸಿವಿಯನ್ನು ಪೂರ್ತಿ ಓದಿದೆ. ಮೊದಲ ಪುಟದಲ್ಲಿ ತಂದೆಯ ಹೆಸರು, ಧರ್ಮ, ಜಾತಿ, ರಕ್ತದ ಗುಂಪು, ಹವ್ಯಾಸ, ಎರಡೆರಡು ವಿಳಾಸ. ಪಿಎಚ್‌ಡಿ ಎರಡನೇ ಪುಟಕ್ಕೆ ಹೋಗಿದೆ. ನಾಲ್ಕರಿಂದ ಒಂಬತ್ತನೇ ಪುಟದವರೆಗೆ ಬರೀ ನೀವು ಭಾಗವಹಿಸಿದ ವಿಚಾರಸಂಕಿರಣ, ವೆಬಿನಾರ್‌ಗಳ ಪಟ್ಟಿ. ಎಂಟು ವರ್ಷ ಪಾಠ ಮಾಡಿದ್ದು ಮಾತ್ರ ಒಂದೇ ಸಾಲು: "ವಿವಿಧ ಕಾಲೇಜುಗಳಲ್ಲಿ 8 ವರ್ಷ ಬೋಧನಾ ಅನುಭವ." ಇದನ್ನು ಓದಿ ನನಗೆ ನಿಜವಾಗಿ ಬೇಸರವಾಯಿತು. ನಿಮ್ಮ ದೊಡ್ಡ ಕೆಲಸವೇ ಅದು, ಅದೇ ಕಾಣಿಸುತ್ತಿಲ್ಲ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಅಂಕಗಳ ಒಂದು ಕೋಷ್ಟಕ ಇದೆ. ಅದರಲ್ಲಿ ಪಿಎಚ್‌ಡಿಗೆ 30, ಸ್ನಾತಕೋತ್ತರ ಪದವಿಯಲ್ಲಿ 60ರಿಂದ 80 ಶೇಕಡಾ ಒಳಗಿದ್ದರೆ 23, ಸೆಟ್‌ಗೆ 3, ರಾಷ್ಟ್ರಮಟ್ಟದ ನೆಟ್‌ಗೆ 5, ನೆಟ್ ಜೊತೆ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಇದ್ದರೆ 7. ಸಂಶೋಧನಾ ಲೇಖನಕ್ಕೆ ತಲಾ 2, ಹೆಚ್ಚೆಂದರೆ 10. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಅದೂ 10ರವರೆಗೆ. ಕಾಲೇಜುಗಳ ಕೋಷ್ಟಕ ಬೇರೆ: ಅಲ್ಲಿ ಪಿಎಚ್‌ಡಿಗೆ 25, ಸೆಟ್‌ಗೆ 5, ಲೇಖನಗಳಿಗೆ ಒಟ್ಟು 6. ವಿಚಾರಸಂಕಿರಣಕ್ಕೆ ಹೋಗಿ ಕೂತು ಬಂದಿದ್ದಕ್ಕೆ ಎರಡರಲ್ಲೂ ಒಂದು ಅಂಕವೂ ಇಲ್ಲ. ಆರು ಪುಟ ಅಲ್ಲೇ ಹೋಯಿತಲ್ವಾ? ಈ ಅಂಕಗಳೆಲ್ಲ ಸಂದರ್ಶನದ ಬಾಗಿಲವರೆಗೆ ಮಾತ್ರ, ಒಳಗೆ ಹೋದ ಮೇಲೆ ಸಂದರ್ಶನವೇ ಲೆಕ್ಕ. ಇನ್ನು ನಮ್ಮ ಸರ್ಕಾರಿ ಕಾಲೇಜುಗಳ ಕಾಯಂ ಹುದ್ದೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆಯ ದಾರಿಯೇ ಬೇರೆ, ಅಲ್ಲಿ ಸಿವಿ ಅಷ್ಟು ಮುಖ್ಯವಲ್ಲ.

ಈಗ ಆ ಒಂದು ಸಾಲನ್ನು ಬಿಡಿಸಿ ಬರೆಯಿರಿ. ಹೀಗೆ: "ಅತಿಥಿ ಉಪನ್ಯಾಸಕ, ಕನ್ನಡ ವಿಭಾಗ, (ಕಾಲೇಜಿನ ಹೆಸರು, ಊರು). ಸೆಪ್ಟೆಂಬರ್ 2022ರಿಂದ ಮೇ 2023. ವಾರಕ್ಕೆ 10 ಗಂಟೆ. ಬಿ.ಎ. ಐಚ್ಛಿಕ ಕನ್ನಡ: ಹಳಗನ್ನಡ ಕಾವ್ಯ, ಛಂದಸ್ಸು. ಬಿ.ಕಾಂ.: ಭಾಷಾ ಪಠ್ಯ." ಪ್ರತಿ ಕಾಲೇಜಿಗೂ ಹೀಗೇ, ಇತ್ತೀಚಿನದು ಮೊದಲು. ತಿಂಗಳು ಬರೆಯಲೇಬೇಕು, ಯಾಕೆಂದರೆ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಅಂಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸೆಮಿಸ್ಟರ್ ಮಧ್ಯದ ಬಿಡುವನ್ನು ಮುಚ್ಚಿ "2017ರಿಂದ ಸತತವಾಗಿ" ಅಂತ ಬರೆದರೆ ಪ್ರಾಂಶುಪಾಲರು ಕೊಟ್ಟ ಅನುಭವ ಪ್ರಮಾಣಪತ್ರದ ತಾರೀಖಿಗೆ ತಾಳೆಯಾಗುವುದಿಲ್ಲ. ಆಗ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಛಂದಸ್ಸು ಪಾಠ ಮಾಡಬಲ್ಲವರು ಈಗ ಎಷ್ಟು ಜನ ಇದ್ದಾರೆ ಹೇಳಿ! ಅದನ್ನು ದಪ್ಪ ಅಕ್ಷರದಲ್ಲಿ ಬರೆದರೂ ತಪ್ಪಿಲ್ಲ.

ವಿಚಾರಸಂಕಿರಣಗಳಲ್ಲಿ ನೀವೇ ಪ್ರಬಂಧ ಮಂಡಿಸಿದ್ದನ್ನು ಉಳಿಸಿಕೊಳ್ಳಿ. ಸುಮ್ನೆ ಕೂತು ಬಂದವನ್ನೆಲ್ಲ ತೆಗೆಯಿರಿ. ಪುನಶ್ಚೇತನ ಶಿಬಿರ ಮಾಡಿದ್ದರೆ ಇರಲಿ. ರಕ್ತದ ಗುಂಪು ಬೇಡ. ಮೀಸಲಾತಿ ವಿವರ ಅರ್ಜಿ ನಮೂನೆಯಲ್ಲಿ ಕೇಳುತ್ತಾರೆ, ಅಲ್ಲಿ ತುಂಬಿದರೆ ಸಾಕು. ನಾಲ್ಕು ಪುಟಕ್ಕೆ ಬರುತ್ತದೆ ನೋಡಿ, ಒಂದು ಪುಟ ಆಚೀಚೆ ಆದರೂ ಪರವಾಗಿಲ್ಲ.

ನಾನು ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿದ್ದೇನೆ. ಜರ್ಮನಿಯಲ್ಲಿ ಪಿಎಚ್‌ಡಿಗೆ ಪ್ರಯತ್ನ ಮಾಡಬೇಕು ಅಂತಿದೆ. ಒಂದೂ ಲೇಖನ ಪ್ರಕಟವಾಗಿಲ್ಲ. ಸಿವಿ ಅರ್ಧ ಪುಟಕ್ಕೇ ಮುಗಿದುಹೋಗುತ್ತಿದೆ. ಏನು ಬರೆಯಲಿ? (ತುಮಕೂರು)

ಎಂ.ಎಸ್ಸಿ. ಮುಗಿಸಿದವರಿಗೆ ಲೇಖನ ಇಲ್ಲದಿರುವುದು ದೊಡ್ಡ ಕೊರತೆಯೇನಲ್ಲ. ಆದರೆ ಪ್ರಾಜೆಕ್ಟ್ ಬಗ್ಗೆ ನೀವು ಬರೆದಿರುವುದು ಶೀರ್ಷಿಕೆ ಮಾತ್ರ: "ಪಾವಗಡ ತಾಲ್ಲೂಕಿನ ಅಂತರ್ಜಲದ ವಿಶ್ಲೇಷಣೆ." ಪತ್ರದಲ್ಲಿ ನೀವೇ ಹೇಳಿದ ಹಾಗೆ ಊರೂರು ಸುತ್ತಿ ಕೊಳವೆಬಾವಿ ನೀರು ತಂದು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಲ್ಲಿ ಫ್ಲೋರೈಡ್ ಅಳೆದಿದ್ದೀರಿ. ಆ ಕಡೆಯ ಜನರ ಹಲ್ಲು, ಮೂಳೆ ಹಾಳು ಮಾಡುತ್ತಿರುವ ನೀರು ಅದು. ಅಂಥ ಕೆಲಸವನ್ನು ಸಿವಿಯಲ್ಲಿ ಯಾಕೆ ಬಚ್ಚಿಡುತ್ತೀರಿ?

ಎಷ್ಟು ಹಳ್ಳಿ, ಎಷ್ಟು ಮಾದರಿ, ಮುಂಗಾರಿಗೆ ಮುಂಚೆಯೋ ಆಮೇಲೋ, ಕುಡಿಯುವ ನೀರಿಗೆ ಭಾರತದ ಮಾನಕದಲ್ಲಿರುವ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿಯನ್ನು ಎಷ್ಟು ಮಾದರಿಗಳು ದಾಟಿದವು, ಉಪಕರಣವನ್ನು ನೀವೇ ಕ್ಯಾಲಿಬ್ರೇಟ್ ಮಾಡಿದಿರೋ ಲ್ಯಾಬಿನವರು ಮಾಡಿಕೊಟ್ಟರೋ, ಇದಿಷ್ಟನ್ನೂ ನಾಲ್ಕೈದು ಸಾಲಿನಲ್ಲಿ ಬರೆಯಿರಿ. ಅಲ್ಲಿನ ಪ್ರಾಧ್ಯಾಪಕರು ನೋಡುವುದು ಇದನ್ನೇ: ಈ ಹುಡುಗಿ ನನ್ನ ಲ್ಯಾಬಿಗೆ ಬಂದರೆ ಮೊದಲ ದಿನ ಏನು ಮಾಡಬಲ್ಲಳು? ಕೌಶಲಗಳ ಪಟ್ಟಿಯಲ್ಲಿ ನೀವು ಕೈಯಾರೆ ನಡೆಸಿದ ಉಪಕರಣ ಮಾತ್ರ ಇರಲಿ. ದೂರದಿಂದ ನೋಡಿದ್ದನ್ನು ಸೇರಿಸಿದರೆ ವಿಡಿಯೋ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಒಂದು ಮುಖ್ಯ ವಿಷಯ. ಸಿಜಿಪಿಎ ಬರೆಯುವಾಗ "8.2" ಅಂತ ಬಿಡಬೇಡಿ, "10ಕ್ಕೆ 8.2, 10 ಅತ್ಯುತ್ತಮ" ಅಂತ ಬರೆಯಿರಿ. ಜರ್ಮನಿಯಲ್ಲಿ ಲೆಕ್ಕ ಉಲ್ಟಾ: 1.0 ಅಂದರೆ ಅತಿ ಒಳ್ಳೆಯದು, 4.0 ಅಂದರೆ ಬರೀ ಪಾಸು. ಫೋಟೋ ಹಾಕುವುದು ಅಲ್ಲಿ ಹಳೆಯ ರೂಢಿ, ಈಗ ಕಡ್ಡಾಯವಲ್ಲ. ಬ್ರಿಟನ್, ಅಮೆರಿಕಕ್ಕೆ ಕಳಿಸುವುದಾದರೆ ಫೋಟೋ, ಹುಟ್ಟಿದ ದಿನ, ಮದುವೆಯ ವಿವರ ಯಾವುದೂ ಬೇಡ. ನಿಮ್ಮ ಹಂತಕ್ಕೆ ಎರಡು ಪುಟ ಸಾಕು.

ಮೂರು ಲೇಖನ ದುಡ್ಡು ಕೊಟ್ಟು ಆನ್‌ಲೈನ್ ಪತ್ರಿಕೆಗಳಲ್ಲಿ ಹಾಕಿಸಿದ್ದೇನೆ, ವಾರದೊಳಗೆ ಬಂತು. ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಇದೆ. ಸಿವಿಯಲ್ಲಿ ಹಾಕಬಹುದಾ? (ಕಲಬುರಗಿ)

ಐಎಸ್‌ಎಸ್‌ಎನ್ ಅಂದರೆ ನಿಯತಕಾಲಿಕೆಗೆ ಕೊಡುವ ಒಂದು ಸಂಖ್ಯೆ ಅಷ್ಟೇ. ಅದು ಗುಣಮಟ್ಟದ ಮುದ್ರೆ ಅಲ್ಲ. ಇನ್ನು ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಲೆಕ್ಕ. ಒಪ್ಪಿತವಾದದ್ದು ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಬರುವುದು. ಪತ್ರಿಕೆಯವರು ತಮ್ಮ ವೆಬ್‌ಸೈಟಿನಲ್ಲಿ ತಾವೇ ಹಾಕಿಕೊಂಡ ಸಂಖ್ಯೆಗೆ ಬೆಲೆ ಇಲ್ಲ. ವಾರದೊಳಗೆ ಬಂತು ಅಂದರೆ ಅದನ್ನು ವಿಷಯ ತಿಳಿದವರು ಯಾರೂ ಓದಿ ಪರಿಶೀಲಿಸಿಲ್ಲ ಅಂತಲೇ ಬಹುತೇಕ ಅರ್ಥ.

ಮೊದಲು ಪತ್ರಿಕೆ ಯುಜಿಸಿ-ಕೇರ್ ಅನ್ನುವ ಒಪ್ಪಿತ ಪತ್ರಿಕೆಗಳ ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಂತ ನೋಡಿದರೆ ಮುಗಿಯುತ್ತಿತ್ತು. ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿತು. ಪತ್ರಿಕೆ ಒಳ್ಳೆಯದೋ ಅಲ್ಲವೋ ನೋಡುವ ಹೊಣೆ ಈಗ ಸಂಸ್ಥೆಗಳದ್ದೇ. ಅಂದರೆ ಆಯ್ಕೆ ಸಮಿತಿಯವರು ಪತ್ರಿಕೆಯ ಹೆಸರು ಟೈಪ್ ಮಾಡಿ ನೋಡುವ ಸಾಧ್ಯತೆ ಮೊದಲಿಗಿಂತ ಜಾಸ್ತಿ. ಆ ಮೂರೂ ಬೇಡ ಅಂತಲೇ ನನ್ನ ಅಭಿಪ್ರಾಯ. ನಮೂನೆಯಲ್ಲಿ ಎಲ್ಲ ಪ್ರಕಟಣೆಗಳನ್ನೂ ಕೇಳಿದ್ದರೆ "ಇತರ ಬರಹಗಳು" ಅಂತ ಬೇರೆ ತಲೆಬರಹ ಕೊಟ್ಟು ಅದರ ಕೆಳಗೆ ಹಾಕಿ, ಪರಿಶೀಲನೆಗೆ ಒಳಗಾದ ಲೇಖನಗಳ ಜೊತೆ ಬೆರೆಸಬೇಡಿ. ಲೇಖನದಲ್ಲಿರುವ ಅಧ್ಯಯನ ಚೆನ್ನಾಗಿದ್ದರೆ ಅದನ್ನು ಮುಂದುವರಿಸಿ, ಹೊಸ ಮಾಹಿತಿ ಸೇರಿಸಿ ಹೊಸ ಲೇಖನವನ್ನೇ ಬರೆಯಿರಿ. ಪ್ರಕಟವಾದದ್ದನ್ನೇ ಇನ್ನೊಂದು ಕಡೆ ಕಳಿಸುವುದು ಮಾತ್ರ ತಪ್ಪು. ಪಿಎಚ್‌ಡಿ ಮುಗಿಸಲು ಲೇಖನ ಬೇಕೇ ಬೇಕು ಅಂತ ಆತುರ ಪಟ್ಟಿದ್ದರೆ, ಯುಜಿಸಿಯ 2022ರ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಅಂತ ಒಮ್ಮೆ ವಿಚಾರಿಸಿ.

ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿದ ರೂಪದಲ್ಲಿವೆ, ಲೇಖನಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ. ಮದುವೆಯಾದ ಮೇಲಿನ ಒಂದು ಲೇಖನದಲ್ಲಿ ಗಂಡನ ಹೆಸರೂ ಸೇರಿದೆ. ಮಗು ಆದ ಮೇಲೆ ಮೂರು ವರ್ಷ ಕೆಲಸ ಮಾಡಿಲ್ಲ, ಅದನ್ನು ಹೇಗೆ ಮುಚ್ಚುವುದು? (ಹಾಸನ)

ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ನಮ್ಮಂಥವರಿಗೆಲ್ಲ ಈ ತೊಂದರೆ ಇದೆ. ಸುಮಾ ಕೆ.ಆರ್. ಅಂತ ಇದ್ದರೆ ಹೊರಗಿನ ಪತ್ರಿಕೆಗಳು "ಕೆ.ಆರ್." ಅನ್ನುವುದನ್ನೇ ಮನೆತನದ ಹೆಸರು ಅಂದುಕೊಂಡು "ಕೆ.ಆರ್., ಎಸ್." ಅಂತ ಮುದ್ರಿಸುತ್ತವೆ. ಒಬ್ಬರೇ ಬರೆದದ್ದು ಇಬ್ಬರು ಮೂವರ ಲೆಕ್ಕಕ್ಕೆ ಹೋಗುತ್ತದೆ.

ಇನ್ನು ಮುಂದೆ ಬರೆಯುವುದಕ್ಕೆ ಒಂದೇ ರೂಪ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇರುವುದೇ ಆದರೆ ಒಳ್ಳೆಯದು. ಆರ್ಕಿಡ್ (ORCID) ಅಂತ 16 ಅಂಕಿಗಳ ಗುರುತಿನ ಸಂಖ್ಯೆ ಒಂದಿದೆ, ಹೂವಲ್ಲ, ಸಂಶೋಧಕರಿಗೆ ಅಂತಲೇ 2012ರಿಂದ ಇರುವ ವ್ಯವಸ್ಥೆ. ಉಚಿತ. ಅದನ್ನು ಮಾಡಿಸಿಕೊಂಡು ಹಳೆಯ ಲೇಖನಗಳನ್ನೆಲ್ಲ ಅದಕ್ಕೆ ಜೋಡಿಸಿ, ಸಂಖ್ಯೆಯನ್ನು ಸಿವಿಯಲ್ಲಿ ಹೆಸರಿನ ಕೆಳಗೇ ಹಾಕಿ. ಪ್ರಕಟಣೆಗಳ ಪಟ್ಟಿಯಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೇ ಇರಲಿ. ನಿಮ್ಮ ಹೆಸರನ್ನು ಮಾತ್ರ ದಪ್ಪ ಮಾಡಿ. "ಈ ರೂಪಗಳಲ್ಲೂ ಪ್ರಕಟವಾಗಿದೆ" ಅಂತ ಒಂದು ಸಾಲು ಕೊಟ್ಟರೆ ಮುಗಿಯಿತು.

ಮೂರು ವರ್ಷವನ್ನು ಮುಚ್ಚುವುದು ಯಾಕೆ? "2020ರಿಂದ 2023: ಮಗುವಿನ ಆರೈಕೆಗಾಗಿ ಬಿಡುವು" ಅಂತ ಬರೆಯಿರಿ. ಕ್ಷಮೆ, ವಿವರಣೆ ಯಾವುದೂ ಬೇಡ. ಖಾಲಿ ಬಿಟ್ಟ ವರ್ಷ ಅನುಮಾನ ಹುಟ್ಟಿಸುತ್ತದೆ, ಬರೆದ ವರ್ಷ ಹುಟ್ಟಿಸುವುದಿಲ್ಲ. ನೀವು ವಿಜ್ಞಾನದವರಾದ್ದರಿಂದ ಇನ್ನೊಂದು ಮಾತು: ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮ ಹೀಗೆ ಬಿಡುವು ತೆಗೆದುಕೊಂಡ ಮಹಿಳೆಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದರ ಪ್ರಕಟಣೆಗಳ ಮೇಲೆ ಕಣ್ಣಿಡಿ.

ನನ್ನ ಲೇಖನಗಳೆಲ್ಲ ಕನ್ನಡದಲ್ಲಿವೆ. ಬೇರೆ ರಾಜ್ಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದೇನೆ. ಸಿವಿ ಕಳಿಸಿದಾಗ ಅಕ್ಷರವೆಲ್ಲ ಗೋಜಲಾಗಿ ಕಾಣುತ್ತಿದೆ ಅಂದರು. (ಧಾರವಾಡ)

ಗೋಜಲು ಅಕ್ಷರಕ್ಕೆ ಕಾರಣ ನುಡಿ ತಂತ್ರಾಂಶದ ಹಳೆಯ ಫಾಂಟು. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ವ್ಯವಸ್ಥೆ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "PÀ£ÀßqÀ" ಥರ ಏನೇನೋ ಬರುತ್ತದೆ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಸಾಲು ಸಾಲು ಓದಿ ನೋಡಿ. ಆಮೇಲೆ ಪಿಡಿಎಫ್ ಮಾಡಿ ಬೇರೆಯವರ ಫೋನಿನಲ್ಲಿ ತೆರೆಸಿ.

ಶೀರ್ಷಿಕೆ ಮೊದಲು ರೋಮನ್ ಲಿಪಿಯಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಕೊನೆಗೆ "ಕನ್ನಡದಲ್ಲಿ" ಅಂತ ಇರಲಿ. ಪತ್ರಿಕೆಯ ಬಗ್ಗೆ ಅರ್ಧ ಸಾಲು ಸೇರಿಸಿ, ಯಾಕೆಂದರೆ ಪ್ರಬುದ್ಧ ಕರ್ನಾಟಕ 1919ರಲ್ಲಿ ಶುರುವಾದದ್ದು ಅಂತಾಗಲಿ, ಅದರ ಹಿಂದೆ ಮೈಸೂರು ವಿಶ್ವವಿದ್ಯಾಲಯ ಇದೆ ಅಂತಾಗಲಿ ಹೊರರಾಜ್ಯದ ಸಮಿತಿಗೆ ಗೊತ್ತಿರಬೇಕಾಗಿಲ್ಲ. ನಿಮ್ಮ ಮುಖ್ಯವಾದ ಎರಡು ಲೇಖನಗಳ ಕೆಳಗೆ, ಅದರಲ್ಲಿ ಏನು ಹೊಸದು ಅಂತ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆಯಿರಿ. ಕನ್ನಡ ಬಾರದವರಿಗೆ ನಿಮ್ಮ ಕೆಲಸದ ತೂಕ ಗೊತ್ತಾಗುವುದು ಆ ಎರಡು ವಾಕ್ಯದಿಂದಲೇ. ಹಾಗಾಗಿ ಉಳಿದ ಸಿವಿಗಿಂತ ಜಾಸ್ತಿ ಹೊತ್ತು ಅದಕ್ಕೆ ಕೊಡಿ. ಪಿಎಚ್‌ಡಿ ಪ್ರಬಂಧ ಶೋಧಗಂಗಾದಲ್ಲಿ (ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಇದ್ದರೆ ಅದರ ಕೊಂಡಿಯನ್ನೂ ಹಾಕಿ.

ರೆಫರೆನ್ಸ್‌ಗೆ ಯಾರ ಹೆಸರು ಕೊಡಬೇಕು? ದೊಡ್ಡ ಹೆಸರಿನವರದ್ದು ಇದ್ದರೆ ಒಳ್ಳೆಯದಾ? (ಮಂಡ್ಯ)

ನಿಮ್ಮ ಕೆಲಸ ಹತ್ತಿರದಿಂದ ನೋಡಿದವರದ್ದು. ಒಂದು ಸಮಾರಂಭದಲ್ಲಿ ಕೈಕುಲುಕಿದ ಕುಲಪತಿಗಳಿಗಿಂತ ನಿಮ್ಮ ಅಧ್ಯಾಯಗಳನ್ನು ತಿದ್ದಿದ ಗೈಡ್ ಹೆಚ್ಚು ಹೇಳಬಲ್ಲರು. ಹೆಸರು ಹಾಕುವ ಮುಂಚೆ ಫೋನ್ ಮಾಡಿ ಕೇಳಿ, ಅವರು ಒಪ್ಪಿದ ಮೇಲೆ ಈ ಹೊಸ ಸಿವಿಯನ್ನೂ ಹುದ್ದೆಯ ಜಾಹೀರಾತನ್ನೂ ಕಳಿಸಿ, ಕೊನೆಯ ದಿನಾಂಕ ತಿಳಿಸಿ. ವಿಶ್ವವಿದ್ಯಾಲಯದ ಇಮೇಲ್ ವಿಳಾಸ ಇದ್ದರೆ ಅದನ್ನೇ ಕೊಡಿ. ನಿವೃತ್ತರಾಗಿದ್ದರೆ ಅವರು ದಿನಾ ನೋಡುವ ಇಮೇಲ್ ಯಾವುದು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ.