ಲಾಭದ ಹಣದಿಂದ ನಡೆಯುವ ಧಾರ್ಮಿಕ ಪ್ರೇರಣೆಯ ಟ್ರಸ್ಟ್ ಹೇಗಿರುತ್ತದೆ?

ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಯಾರ್ಕ್ ನಗರದ ಜೋಸೆಫ್ ರೌಂಟ್ರೀ. ಕೋಕೋ, ಚಾಕೊಲೇಟ್ ತಯಾರಿಸುತ್ತಿದ್ದ ಇವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಸಂಪತ್ತು ನಮ್ಮದಲ್ಲ, ನಮ್ಮ ಕೈಗೆ ಒಪ್ಪಿಸಿದ್ದು ಎಂಬ ನಂಬಿಕೆ ಆ ಪಂಥದಲ್ಲಿದೆ.

1904ರಲ್ಲಿ ಅವರು ತಮ್ಮ ಆಸ್ತಿಯ ಸುಮಾರು ಅರ್ಧವನ್ನು ಮೂರು ಟ್ರಸ್ಟ್‌ಗಳಿಗೆ ಕೊಟ್ಟರು. ಕೊಟ್ಟಿದ್ದರಲ್ಲಿ ಹೆಚ್ಚಿನದು ಕಂಪನಿಯ ಷೇರು. ಲಾಭ ಬಂದರೆ ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು), ಡಿವಿಡೆಂಡ್‌ನಿಂದ ಕೆಲಸ.

ಆದರೆ ಒಂದು ಟ್ರಸ್ಟ್ ಮಾತ್ರ ಬೇಕೆಂದೇ ದತ್ತಿ ಸಂಸ್ಥೆ ಆಗಿರಲಿಲ್ಲ. ಯಾಕಂದ್ರೆ ದತ್ತಿ ಸಂಸ್ಥೆಗಳು ರಾಜಕೀಯ ಕೆಲಸಕ್ಕೆ ಹಣ ಕೊಡುವಂತಿರಲಿಲ್ಲ. ದತ್ತಿ ಸಂಸ್ಥೆಗೆ ಸಿಗುವ ವಿನಾಯಿತಿ ಬಿಟ್ಟು ತೆರಿಗೆ ಕಟ್ಟಿದರೂ ಪರವಾಗಿಲ್ಲ, ಕಾನೂನು ಬದಲಿಸಲು ಹಣ ಬೇಕು ಎಂಬ ಲೆಕ್ಕ. ನನಗಂತೂ ಇದೇ ಅವರ ಜಾಣತನ ಅನ್ನಿಸುತ್ತದೆ. ಸುಮ್ನೆ ಅನ್ನ ಹಂಚುವುದಕ್ಕಿಂತ ಬಡತನದ ಕಾರಣ ಹುಡುಕಿ ಎಂದು ಟ್ರಸ್ಟಿಗಳಿಗೆ ಬರೆದಿಟ್ಟಿದ್ದರು. ಕಾಲಕ್ಕೆ ತಕ್ಕಂತೆ ದಾರಿ ಬದಲಿಸುವ ಸ್ವಾತಂತ್ರ್ಯವನ್ನೂ ಕೊಟ್ಟರು.

1988ರಲ್ಲಿ ಕಂಪನಿ ನೆಸ್ಲೆ ಪಾಲಾಯಿತು. ಟ್ರಸ್ಟ್‌ಗಳು ಮುಚ್ಚಲಿಲ್ಲ; ಬೇರೆ ಹೂಡಿಕೆಗಳ ಆದಾಯದಿಂದ ನಡೆದವು. ಅಂದಹಾಗೆ, ಆ ಲಾಭದ ಹಿಂದೆ ವಸಾಹತುಗಳಲ್ಲಿ ಯಾರ ಬೆವರಿತ್ತು ಎಂಬ ಪ್ರಶ್ನೆಯನ್ನು 2021ರಲ್ಲಿ ಟ್ರಸ್ಟ್‌ನವರೇ ಬಹಿರಂಗವಾಗಿ ಎತ್ತಿದರು.