ಎಷ್ಟು ಹೆಚ್ಚು, ಎಷ್ಟು ಪಟ್ಟು?

ಪ್ರಶ್ನೆ: ನನ್ನ ಮಗ 7ನೇ ತರಗತಿ. 2:3ಕ್ಕೆ ಸಮನಾದ ಅನುಪಾತ ಬರೆ ಅಂದಿದ್ದಕ್ಕೆ 4:5 ಬರೆದು ಅಂಕ ಕಳೆದುಕೊಂಡ. "ಎರಡೂ ಕಡೆ ಎರಡೆರಡು ಕೂಡಿಸೀನಿ, ತಪ್ಪು ಹೆಂಗಾತು?" ಅಂತ ಕೇಳುತ್ತಾನೆ. ಅಡ್ಡ ಗುಣಿಸಿದರೆ (2×5, 3×4) ಸಮ ಬರುವುದಿಲ್ಲ, ಅಷ್ಟು ಗೊತ್ತು. ಯಾಕೆ ಅಂತ ಹೇಳಲು ನನಗೂ ಬರಲಿಲ್ಲ.
- ಒಬ್ಬ ತಾಯಿ, ಕಾರಟಗಿ

ಉತ್ತರ: ತಾಯಿ, ಅವನನ್ನು ಬೈಯಬೇಡಿ. ಗಂಗಾವತಿಯಲ್ಲಿ ನಾನು ಪಾಠ ಮಾಡಿದಷ್ಟು ವರ್ಷವೂ ಈ ತಪ್ಪು ಕಂಡಿದ್ದೇನೆ, ಜಾಣ ಮಕ್ಕಳಲ್ಲೂ. ಅಡ್ಡ ಗುಣಾಕಾರ ಆಮೇಲಿರಲಿ, ಮೊದಲು ಅವನನ್ನು ಒಲೆಯ ಹತ್ತಿರ ಕರೆದುಕೊಂಡು ಹೋಗಿ.

1 ಲೋಟ ಅಕ್ಕಿಗೆ 2 ಲೋಟ ನೀರು ಇಡುತ್ತೀರಿ ಅನ್ನಿ. ನೆಂಟರು ಬಂದರು, 10 ಲೋಟ ಅಕ್ಕಿ ಹಾಕಬೇಕು. ಮಗನ ಲೆಕ್ಕದಂತೆ ಎರಡೂ ಕಡೆ 9 ಕೂಡಿಸಿದರೆ 10 ಲೋಟ ಅಕ್ಕಿಗೆ 11 ಲೋಟ ನೀರು. ಇದನ್ನೇ ಒಮ್ಮೆ ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಅವರವ್ವ ಮದುವೆಮನೆ ಅಡುಗೆಗೆ ಹೋಗುತ್ತಿದ್ದರು. ಲೆಕ್ಕದ ಪೀರಿಯಡ್ಡಿನಲ್ಲಿ ಬಾಯಿಯೇ ಬಿಡದವಳು ಎದ್ದು ನಿಂತು, "ಸರ್, ನೀರು ಸಾಲಂಗಿಲ್ರಿ, ತಳ ಹತ್ತತೈತಿ" ಅಂದಳು. ಎಷ್ಟು ಬೇಕವ್ವಾ ಅಂದೆ. "20 ಲೋಟ" ಅಂದಳು. ಆಕೆ ಕೂಡಿಸಲಿಲ್ಲ. ಪ್ರತಿ ಲೋಟ ಅಕ್ಕಿಯ ಜೊತೆಗೂ ಅದರ 2 ಲೋಟ ನೀರನ್ನು ಮನಸ್ಸಿನಲ್ಲೇ ಸುರಿದಳು.

2:3 ಕೂಡ ಹಾಗೇ. 2 ಸಲ ಅಳೆದರೆ 4:6, 5 ಸಲ ಅಳೆದರೆ 10:15. ಎರಡೂ ಕಡೆ 98 ಕೂಡಿಸಲು ಮಗನಿಗೆ ಹೇಳಿ, 100:101 ಬರುತ್ತದೆ. ಒಂದೂವರೆ ಪಟ್ಟು ಇದ್ದದ್ದು ಹೆಚ್ಚುಕಡಿಮೆ ಸರಿಸಮ ಆಗಿಹೋಯಿತು.

ನಿಮ್ಮ ಮಗ 'ಎಷ್ಟು ಹೆಚ್ಚು' ಅನ್ನುವುದನ್ನು ಕಾಯ್ದುಕೊಂಡಿದ್ದಾನೆ. ಅನುಪಾತ ಕೇಳುವುದು 'ಎಷ್ಟು ಪಟ್ಟು' ಅಂತ. ಅವನ ವಯಸ್ಸು 12, ನಿಮ್ಮದು 36 ಇದ್ದರೆ ಅನುಪಾತ 1:3. ಇನ್ನು 12 ವರ್ಷಕ್ಕೆ 24 ಮತ್ತು 48, ಅಂದರೆ 1:2. ಅಂತರ ಆಗಲೂ ಅದೇ 24, ಅನುಪಾತ ಮಾತ್ರ ಬೇರೆ.

ಇನ್ನು ಅಡ್ಡ ಗುಣಾಕಾರ. 2:3 ಮತ್ತು 10:15 ಸಮವೇ ಎಂದು ನೋಡಬೇಕಾದರೆ ಮೊದಲ ಪದಗಳನ್ನು ಒಂದೇ ಮಾಡಿಕೊಳ್ಳಿ. ಮೊದಲನೆಯದನ್ನು 10 ಸಲ, ಎರಡನೆಯದನ್ನು 2 ಸಲ ತೆಗೆದುಕೊಂಡರೆ ಎರಡೂ 20:30. ಆ 3×10 ಮತ್ತು 15×2 ಇವೆಯಲ್ಲ, ಅಡ್ಡ ಗುಣಿಸುವಾಗ ನಾವು ಹೋಲಿಸುವುದು ಅವನ್ನೇ. ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಹಳಬರ ತ್ರೈರಾಶಿಯ ಒಳಗಿರುವುದೂ ಇದೇ. ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತ್ರೈರಾಶಿಯನ್ನು ವಿವರಿಸಿದ್ದಾರೆ.

ಇವತ್ತು ರಾತ್ರಿ ಅವನಿಗೆ 6:9 ಮತ್ತು 8:12 ಕೊಟ್ಟು ನೋಡಿ. 6ನ್ನು ಯಾವ ಪೂರ್ಣಸಂಖ್ಯೆಯಿಂದ ಗುಣಿಸಿದರೂ 8 ಬರುವುದಿಲ್ಲ, ಹುಡುಗರು ಅಲ್ಲೇ ಮತ್ತೆ ಕೂಡಿಸಲು ಹೊರಡುತ್ತಾರೆ. ಉತ್ತರ ಹೇಳಿಕೊಡಬೇಡಿ. ಒಂದನ್ನು 3ರಿಂದ, ಇನ್ನೊಂದನ್ನು 4ರಿಂದ ಭಾಗಿಸಲು ಅವನಿಗೇ ಹೊಳೆಯುವವರೆಗೆ ಪಕ್ಕದಲ್ಲಿ ಕೂತಿರಿ.