ನಾನು ತಜ್ಞೆಯಲ್ಲ, ಆದರೂ ಸಮ್ಮೇಳನದಲ್ಲಿ ಮಾತನಾಡಲು ಅರ್ಜಿ ಹಾಕಬಹುದೇ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಪರೀಕ್ಷಕಿ. ಸ್ವಯಂಸೇವಕರೇ ನಡೆಸುವ ಮುಕ್ತ ತಂತ್ರಾಂಶ ಸಮ್ಮೇಳನವೊಂದು ಭಾಷಣಗಳಿಗೆ ಪ್ರಸ್ತಾವ ಆಹ್ವಾನಿಸಿದೆ. ನಮೂನೆ ತೆರೆದಾಗಲೆಲ್ಲ ಕೈ ಹಿಂಜರಿಯುತ್ತದೆ. ನಾನೇನೂ ಹೊಸದನ್ನು ಕಂಡುಹಿಡಿದಿಲ್ಲ, ಹೆಸರಾಂತ ಯೋಜನೆಯ ನೇತೃತ್ವವನ್ನೂ ವಹಿಸಿಲ್ಲ. ನನ್ನಂಥವರು ಅರ್ಜಿ ಹಾಕಬಹುದೇ? ಹಾಕುವುದಾದರೆ ಏನು ಬರೆಯಬೇಕು?

ಉತ್ತರ: ಹಾಕಿ. ಹೊಸದನ್ನು ಕಂಡುಹಿಡಿದವರು ಬೇಕಾಗಿರುವುದು ಸಂಶೋಧನಾ ಸಮ್ಮೇಳನಗಳಿಗೆ. ಸಮುದಾಯದ ಸಮ್ಮೇಳನಕ್ಕೆ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ದಿನವೂ ಕೋಡ್ ಬರೆಯುವವರು, ಪರೀಕ್ಷಿಸುವವರು, ಸರ್ವರ್ ನೋಡಿಕೊಳ್ಳುವವರು, ವಿದ್ಯಾರ್ಥಿಗಳು. ತಾವು ಸಿಕ್ಕಿಹಾಕಿಕೊಂಡಿರುವ ತೊಡಕಿನಿಂದ ಇನ್ನೊಬ್ಬರು ಹೇಗೆ ಹೊರಬಂದರು ಎಂದು ತಿಳಿಯುವುದು ಅವರಿಗೆ ಬೇಕು. ಇಡೀ ಕ್ಷೇತ್ರವನ್ನೇ ಅರೆದು ಕುಡಿದವರಿಗಿಂತ, ಆ ತೊಡಕನ್ನು ಮೊನ್ನೆಯಷ್ಟೇ ಬಿಡಿಸಿದವರು ಇಂಥ ಮಾತಿಗೆ ಎಷ್ಟೋ ಸಲ ಹೆಚ್ಚು ಯೋಗ್ಯರು. ಎಲ್ಲಿ ಎಡವಿದೆವೆಂಬುದು ಅವರಿಗೆ ಇನ್ನೂ ನೆನಪಿರುತ್ತದೆ.

ಇನ್ನು ಬರೆಯುವ ವಿಷಯ. ಮೊದಲು ಓದುವವರು ಯಾರೆಂದು ತಿಳಿದುಕೊಳ್ಳಿ. ಇಂಥ ಆಯ್ಕೆ ಸಮಿತಿಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಸಂಬಳವಿಲ್ಲ, ಕಚೇರಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಓದಬೇಕು, ರಾಶಿ ದೊಡ್ಡದು. ಎಲ್ಲ ವಿಷಯಗಳೂ ಎಲ್ಲ ಸದಸ್ಯರಿಗೆ ಗೊತ್ತಿರುವುದಿಲ್ಲ. ಇಂಥ ಓದುಗ ನಿಮ್ಮ ಜಾಣ್ಮೆಯನ್ನು ಅಳೆಯಲು ಕುಳಿತಿರುವುದಿಲ್ಲ. ಈ ಮಾತನ್ನು ಕೇಳಲು ಯಾರು ಬರುತ್ತಾರೆ, ಹೋಗುವಾಗ ಏನನ್ನು ಕಲಿತು ಹೋಗುತ್ತಾರೆ, ಕೊಟ್ಟ ಸಮಯದಲ್ಲಿ ಇವರು ಇದನ್ನು ಮುಗಿಸುತ್ತಾರೆಯೇ ಎಂದಷ್ಟೇ ನೋಡುತ್ತಾನೆ. ಇದಕ್ಕೆ ಉತ್ತರ ಪ್ರಸ್ತಾವದಲ್ಲೇ ಸಿಗಬೇಕು. ಊಹಿಸಿಕೊಳ್ಳುವ ಕೆಲಸವನ್ನು ಅವನಿಗೆ ಬಿಟ್ಟರೆ, ಆ ಹೊತ್ತಿನಲ್ಲಿ ಅವನು ಊಹಿಸುವುದಿಲ್ಲ. ಮುಂದಿನ ಅರ್ಜಿಗೆ ಹೋಗುತ್ತಾನೆ.

‘ಸಾಫ್ಟ್‌ವೇರ್ ಪರೀಕ್ಷೆ: ಒಂದು ಪರಿಚಯ’ ಎಂಬ ಶೀರ್ಷಿಕೆಯನ್ನೇ ನೋಡಿ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಹೇಳುವುದೂ ಏನೂ ಇಲ್ಲ. ಅದನ್ನು ಯಾರು ಬೇಕಾದರೂ ಮಾತನಾಡಬಹುದು, ಅದಕ್ಕೆ ನೀವೇ ಬೇಕೆಂದಿಲ್ಲ. ವಿಷಯವನ್ನು ಕಿರಿದು ಮಾಡಿಕೊಳ್ಳಿ. ನಿಮ್ಮ ಕೆಲಸದಲ್ಲಿ, ಕೋಡ್ ಒಂದಕ್ಷರವೂ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಪರೀಕ್ಷೆಗಳನ್ನು ನೀವು ಕಂಡೇ ಇರುತ್ತೀರಿ. ಅದನ್ನೇ ಹಿಡಿದು ಹೀಗೆ ಬರೆಯಬಹುದು:

‘ಹಗಲು ಪಾಸ್, ರಾತ್ರಿ ಫೇಲ್: ನಂಬಲಾಗದ ಪರೀಕ್ಷೆಗಳ ಬೆನ್ನು ಹತ್ತಿ. ಕಾರಣವಿಲ್ಲದೆ ಫೇಲಾಗುವ ಪರೀಕ್ಷೆಗಳನ್ನು ತಂಡಗಳು ಇನ್ನೊಮ್ಮೆ ಓಡಿಸಿ ಮರೆತುಬಿಡುತ್ತವೆ. ನಮ್ಮ ತಂಡ ಅಂಥ ಮೂರು ಪರೀಕ್ಷೆಗಳ ಬುಡ ಶೋಧಿಸಿತು. ಒಂದರಲ್ಲಿ ಕಾಲವಲಯದ ಲೆಕ್ಕ ತಪ್ಪಿತ್ತು. ಇನ್ನೊಂದು, ತನಗಿಂತ ಮೊದಲು ಓಡಿದ ಪರೀಕ್ಷೆ ಬಿಟ್ಟುಹೋದ ಡೇಟಾವನ್ನು ನೆಚ್ಚಿಕೊಂಡಿತ್ತು. ಮೂರನೆಯದು ಸರ್ವರಿನ ಉತ್ತರಕ್ಕೆ ಕಾಯದೆ ಎರಡು ಸೆಕೆಂಡು ಸುಮ್ಮನಿದ್ದು ಮುಂದುವರಿಯುತ್ತಿತ್ತು. ಮೂರನ್ನೂ ಚಿಕ್ಕ ಉದಾಹರಣೆಗಳಲ್ಲಿ ಕೆಡಿಸಿ ತೋರಿಸಿ, ಸರಿಪಡಿಸುತ್ತೇನೆ. ಸ್ವಯಂಚಾಲಿತ ಪರೀಕ್ಷೆಯನ್ನು ಒಮ್ಮೆಯಾದರೂ ಬರೆದವರಿಗೆ ಅರ್ಥವಾಗುತ್ತದೆ. ಇಂಥದ್ದೇ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರಬೇಕೆಂದಿಲ್ಲ.’

ವಿಷಯ ನಿಮ್ಮದೇ ಇರಲಿ. ಇದು ಮಾದರಿ ಮಾತ್ರ. ಇದರಲ್ಲಿ ‘ರೋಚಕ’, ‘ಕ್ರಾಂತಿಕಾರಿ’ ಎಂಬ ಪದಗಳಿಲ್ಲ, ಕೇಳುಗರಿಗೆ ಏನು ಗೊತ್ತಿರಬೇಕೆಂಬುದು ಇದೆ. ‘ಅದೇನೆಂದು ತಿಳಿಯಲು ಬನ್ನಿ’ ಎಂದು ಕುತೂಹಲ ಕೆರಳಿಸಿ ಕೊನೆಯನ್ನು ಬಚ್ಚಿಡುವವರಿದ್ದಾರೆ. ಆಯ್ಕೆ ಮಾಡುವವರ ಮುಂದೆ ಈ ಆಟ ನಡೆಯುವುದಿಲ್ಲ. ಕೊನೆಗೆ ಸಿಕ್ಕ ಉತ್ತರವನ್ನು ಬಿಚ್ಚಿ ಹೇಳಿ. ಸಭಿಕರಿಗೆ ಅದು ಮೊದಲೇ ಗೊತ್ತಾಗಬಾರದೆಂದಿದ್ದರೆ ಅದಕ್ಕೂ ಜಾಗವಿದೆ: ಬಹಳಷ್ಟು ಸಮ್ಮೇಳನಗಳು ಬಳಸುವ ಪ್ರೀಟಾಕ್ಸ್‌ನಂಥ ಅರ್ಜಿ ವ್ಯವಸ್ಥೆಯಲ್ಲಿ ಸಾರಾಂಶ ಮತ್ತು ವಿವರಣೆ ಮುಂದೆ ಕಾರ್ಯಕ್ರಮಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತವೆ, ಆಯೋಜಕರಿಗೆಂದು ಬರೆಯುವ ಟಿಪ್ಪಣಿ ಅವರಿಗೆ ಮಾತ್ರ ಕಾಣುತ್ತದೆ. ಹೆಚ್ಚಿನವರು ಈ ಟಿಪ್ಪಣಿಯ ಜಾಗವನ್ನು ಖಾಲಿ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ನಮೂನೆಯಲ್ಲಿ ಅತ್ಯಂತ ಉಪಯುಕ್ತ ಜಾಗ ಅದೇ.

ಅಲ್ಲಿ ಸಮಯದ ಹಂಚಿಕೆ ಕೊಡಿ. 25 ನಿಮಿಷ ಸಿಕ್ಕರೆ ಸಮಸ್ಯೆಗೆ 4, ಮೂರು ಉದಾಹರಣೆಗಳಿಗೆ ಐದೈದು, ನಿಮ್ಮ ತಂಡ ಮಾಡಿಕೊಂಡ ನಿಯಮಗಳಿಗೆ 3, ಪ್ರಶ್ನೆಗಳಿಗೆ 3, ಹೀಗೆ. ಕೊಟ್ಟ ಅವಧಿಯಲ್ಲಿ ಪ್ರಶ್ನೋತ್ತರವೂ ಸೇರಿದೆಯೇ ಎಂದು ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಈ ಹಂಚಿಕೆ ಕಂಡ ತಕ್ಷಣ, ಇವರು ಮಾತನ್ನು ತಲೆಯಲ್ಲಿ ಒಮ್ಮೆ ಆಡಿ ನೋಡಿದ್ದಾರೆ ಎಂಬ ಧೈರ್ಯ ಓದುವವರಿಗೆ ಬರುತ್ತದೆ. ಇದು ನಿಮ್ಮ ಮೊದಲ ಭಾಷಣವಾಗಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಹೊಸಬರಿಗೆಂದೇ ಅಭ್ಯಾಸದ ನೆರವು ಕೊಡುವ ಸಮ್ಮೇಳನಗಳಿವೆ.

ಪರಿಚಯವನ್ನು ಎರಡು ಮೂರು ಸಾಲಿನಲ್ಲಿ ಮುಗಿಸಿ. ಕೆಲವು ಸಮಿತಿಗಳು ಮೊದಲ ಸುತ್ತಿನಲ್ಲಿ ಹೆಸರು ಮರೆಮಾಡಿ ಓದುತ್ತವೆ. ಅಂಥಲ್ಲಿ ಸಾರಾಂಶದೊಳಗೆ ನಿಮ್ಮ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಬರೆಯಬೇಡಿ. ನಿಮ್ಮ ಸಂಸ್ಥೆಯ ಉತ್ಪನ್ನದ ಬಣ್ಣನೆಯಂತೂ ಎಲ್ಲಿಯೂ ಬೇಡ. ಅರ್ಜಿ ತಿರಸ್ಕೃತವಾಗಲು ಅದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಪ್ರಶ್ನೆ: ಎರಡು ಸಮ್ಮೇಳನಗಳಿಗೆ ಕಳುಹಿಸಿದ ಪ್ರಸ್ತಾವ ಎರಡು ಕಡೆಯೂ ತಿರಸ್ಕೃತವಾಯಿತು. ಬಂದದ್ದು ಒಂದೇ ಅಚ್ಚಿನ ಮಿಂಚಂಚೆ, ಕಾರಣವಿಲ್ಲ. ಕೇಳಿದರೆ ತಪ್ಪಾಗುತ್ತದೆಯೇ?

ಉತ್ತರ: ಕೇಳಿದರೆ ತಪ್ಪಿಲ್ಲ, ಉತ್ತರ ಬರದಿದ್ದರೆ ಬೇಸರಪಡಬೇಡಿ. ತಿರಸ್ಕಾರಕ್ಕೆ ಪ್ರಸ್ತಾವವೇ ಕಾರಣವಾಗಿರಬೇಕೆಂದಿಲ್ಲ. ಒಂದೇ ವಿಷಯದ ಮೇಲೆ ಐದು ಒಳ್ಳೆಯ ಪ್ರಸ್ತಾವಗಳು ಬಂದರೆ ಸಮಿತಿ ಒಂದನ್ನೋ ಎರಡನ್ನೋ ಇಟ್ಟುಕೊಳ್ಳುತ್ತದೆ. ಉಳಿದವು ಕೆಟ್ಟವೆಂದಲ್ಲ, ದಿನ ಅಷ್ಟೇ ಉದ್ದ.

‘ನನ್ನನ್ನು ಏಕೆ ಆರಿಸಲಿಲ್ಲ’ ಎಂದು ಕೇಳಿದರೆ ಸ್ವಯಂಸೇವಕ ಮುಜುಗರಕ್ಕೆ ಬೀಳುತ್ತಾನೆ, ಬಾಯಿ ಬಿಗಿಹಿಡಿಯುತ್ತಾನೆ. ‘ಮುಂದಿನ ಸಲಕ್ಕೆ ಈ ಸಾರಾಂಶದಲ್ಲಿ ಯಾವ ಒಂದು ಭಾಗವನ್ನು ಬದಲಿಸಲಿ’ ಎಂದು ಕೇಳಿ ನೋಡಿ. ಸಮ್ಮೇಳನ ಮುಗಿದು ಒಂದೆರಡು ವಾರ ಕಳೆದ ಮೇಲೆ ಕೇಳುವುದು ಮೇಲು, ಅದಕ್ಕೆ ಮುಂಚೆ ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆಯ್ಕೆಯಾದವರ ಕಾರ್ಯಕ್ರಮಪಟ್ಟಿಯನ್ನು ಓದಿದರೂ ಬಹಳಷ್ಟು ತಿಳಿಯುತ್ತದೆ. ನಿಮ್ಮದೇ ವಿಷಯದ ಮೇಲೆ ಬೇರೊಬ್ಬರ ಮಾತು ಇದ್ದರೆ, ಅವರ ಸಾರಾಂಶವನ್ನು ನಿಮ್ಮದರ ಪಕ್ಕ ಇಟ್ಟು ಓದಿ.

ಇನ್ನೊಂದು ವಿಷಯ. ದೊಡ್ಡ ಸಮ್ಮೇಳನವೆಂದರೆ ಒಂದೇ ಬಾಗಿಲಲ್ಲ. ಬ್ರಸೆಲ್ಸ್‌ನಲ್ಲಿ ಪ್ರತಿವರ್ಷ ನಡೆಯುವ ಫೋಸ್‌ಡೆಮ್ ಎಂಬ ಮುಕ್ತ ತಂತ್ರಾಂಶ ಸಮ್ಮೇಳನದಲ್ಲಿ ‘ಡೆವ್‌ರೂಮ್’ ಎಂಬ ಕೋಣೆಗಳಿರುತ್ತವೆ. ಒಂದೊಂದನ್ನೂ ಆಯಾ ವಿಷಯದ ಸ್ವಯಂಸೇವಕರ ಗುಂಪು ನಡೆಸುತ್ತದೆ. ಆಹ್ವಾನ, ಕೊನೆಯ ದಿನಾಂಕ, ಆಯ್ಕೆ ಎಲ್ಲವೂ ಬೇರೆ ಬೇರೆ. ಡೇಟಾಬೇಸ್ ಕುರಿತ ಮಾತನ್ನು ಡೇಟಾಬೇಸ್ ಗುಂಪಿಗೆ ಕೊಡುವುದು ಮುಖ್ಯ ವೇದಿಕೆಗೆ ಕೊಡುವುದಕ್ಕಿಂತ ಜಾಣತನ. ಲೈಟ್ನಿಂಗ್ ಟಾಕ್ ಕೂಡ ಇದೆ: ಸಾಮಾನ್ಯವಾಗಿ ಐದು ನಿಮಿಷದ ಮಾತು, ಅನೇಕ ಕಡೆ ಸಮ್ಮೇಳನದ ಸ್ಥಳದಲ್ಲೇ ಹೆಸರು ಬರೆಸಿದರೆ ಸಾಕು. ನಿಮ್ಮ ವಿಷಯಕ್ಕೆ ಜನ ಕಿವಿಗೊಡುತ್ತಾರೆಯೇ ಎಂದು ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಭಾಷಣಕಾರರಿಗೆ ಪ್ರಯಾಣದ ಖರ್ಚು, ಸಂಭಾವನೆ ಕೊಡುತ್ತಾರೆಯೇ? ಈಗ ಓದುತ್ತಿದ್ದೇನೆ, ಕೈಯಿಂದ ಹಾಕುವ ಸ್ಥಿತಿಯಲ್ಲಿಲ್ಲ.

ಉತ್ತರ: ಸಂಭಾವನೆಯ ಮಾತನ್ನು ಬಿಟ್ಟುಬಿಡಿ. ಆಯೋಜಕರಿಗೇ ಅದಿಲ್ಲ. ಪ್ರಯಾಣ ಮತ್ತು ಪ್ರವೇಶಶುಲ್ಕದ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಫೋಸ್‌ಡೆಮ್‌ಗೆ ಯಾರಿಗೂ ಪ್ರವೇಶಶುಲ್ಕವಿಲ್ಲ, ನೋಂದಣಿಯೂ ಬೇಡ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯ ಅಮೆರಿಕದಲ್ಲಿ ನಡೆಸುವ ಪೈಕಾನ್ ಇದಕ್ಕೆ ತದ್ವಿರುದ್ಧವಾಗಿ, ಭಾಷಣಕಾರರೂ ಆಯೋಜಕರೂ ಸೇರಿ ಎಲ್ಲರೂ ಶುಲ್ಕ ಕಟ್ಟುವ ಪದ್ಧತಿಯನ್ನು ದೀರ್ಘಕಾಲ ಪಾಲಿಸಿಕೊಂಡು ಬಂದಿದೆ. ಮೊದಲ ಸಲ ಕೇಳಿದವರು ಇದೆಂಥ ಅನ್ಯಾಯ ಎನ್ನುತ್ತಾರೆ, ಆದರೆ ಹೀಗೆ ಉಳಿದ ಹಣ ಬರಲು ಸಾಧ್ಯವಿಲ್ಲದವರ ನೆರವಿಗೆ ಹೋಗುತ್ತದೆ ಎಂದು ತಿಳಿದಾಗ ನನಗಂತೂ ಅದು ಒಪ್ಪಿಗೆಯಾಯಿತು. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಸಮುದಾಯ ನಡೆಸುವ ಡೆಬ್‌ಕಾನ್‌ನಲ್ಲಿ ಪ್ರಯಾಣ, ಊಟ, ವಸತಿಗೆ ಸಹಾಯಧನ ಕೋರಲು ಅವಕಾಶವಿದೆ.

ನಿಮ್ಮಂಥವರು ಗಮನಿಸಬೇಕಾದದ್ದು ಇಷ್ಟು: ನೆರವಿನ ಅರ್ಜಿ ಸಾಮಾನ್ಯವಾಗಿ ಭಾಷಣದ ಅರ್ಜಿಯಿಂದ ಬೇರೆ, ಅದರ ಕೊನೆಯ ದಿನಾಂಕವೂ ಬೇರೆ. ಎಷ್ಟೋ ಸಲ ಭಾಷಣದ ಫಲಿತಾಂಶ ಬರುವ ಮೊದಲೇ ಅದು ಮುಗಿದಿರುತ್ತದೆ. ಆಯ್ಕೆಯಾದ ಮೇಲೆ ನೋಡಿಕೊಂಡರಾಯಿತು ಎಂದು ಕುಳಿತವರಿಗೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಎರಡನ್ನೂ ಒಟ್ಟಿಗೇ ಹಾಕಿ. ನೆರವು ಸಿಕ್ಕರೆ ಮಾತ್ರ ಬರಬಲ್ಲೆ ಎಂದು ಆಯೋಜಕರಿಗಿರುವ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯಿರಿ, ಸಂಕೋಚ ಬೇಡ. ವೀಸಾ ಬೇಕಾಗುವ ದೇಶವಾದರೆ ಆಹ್ವಾನಪತ್ರ ಯಾವಾಗ ಸಿಗುತ್ತದೆಂದು ಮೊದಲೇ ಕೇಳಿ. ಪತ್ರ ಬರೆಯುವವರೂ ಸ್ವಯಂಸೇವಕರೇ, ತಡವಾಗುತ್ತದೆ.

ಪ್ರಶ್ನೆ: ಕೊನೆಯ ದಿನಾಂಕದ ಪಕ್ಕದಲ್ಲಿ ‘ಎಒಇ’ ಎಂದಿದೆ. ಹಾಗೆಂದರೇನು? ಒಂದು ದಿನ ತಡವಾದರೆ ಸ್ವೀಕರಿಸುತ್ತಾರೆಯೇ?

ಉತ್ತರ: ‘ಎನಿವೇರ್ ಆನ್ ಅರ್ಥ್’ ಎಂಬುದರ ಕಿರುರೂಪ ಅದು. ಭೂಮಿಯ ಮೇಲೆ ಎಲ್ಲಿಯಾದರೂ ಸರಿ, ಆ ತಾರೀಖು ಇನ್ನೂ ಉಳಿದಿದ್ದರೆ ಗಡುವೂ ಉಳಿದಿದೆ ಎಂದು ಅರ್ಥ. ಲೆಕ್ಕಕ್ಕೆ ಹಿಡಿಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣಕಾಲಕ್ಕಿಂತ 12 ಗಂಟೆ ಹಿಂದಿರುವ ಕಾಲವಲಯವನ್ನು. ಆದ್ದರಿಂದ ಹೆಚ್ಚಿನವರಿಗೆ ಕೆಲವು ಗಂಟೆ ಹೆಚ್ಚೇ ಸಿಗುತ್ತದೆ. ಅದು ಮುಗಿದ ಮೇಲೆ ನಮೂನೆ ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದೆ, ಬೇಡಿಕೊಂಡು ಪ್ರಯೋಜನವಿಲ್ಲ. ಮೊದಲೇ ಕಳುಹಿಸಿದರೆ ಲಾಭವಿದೆ: ಗಡುವಿನವರೆಗೆ ತಿದ್ದಲು ಅವಕಾಶವಿರುವಲ್ಲಿ, ಬೇಗ ಬಂದ ಪ್ರಸ್ತಾವದಲ್ಲಿ ಏನಾದರೂ ಅಸ್ಪಷ್ಟವಾಗಿದ್ದರೆ ಕೆಲವು ಸಮಿತಿಗಳು ಪ್ರಶ್ನೆ ಕೇಳಿ ಬರೆಯುತ್ತವೆ. ಕೊನೆಯ ರಾತ್ರಿ ಬಂದು ಬೀಳುವ ರಾಶಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ: ಸಾರಾಂಶವನ್ನು ಎಐ ಸಾಧನದಿಂದ ಬರೆಸಬಹುದೇ?

ಉತ್ತರ: ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಿ, ಸಮ್ಮೇಳನದ ನಿಯಮದಲ್ಲಿ ಅದಕ್ಕೂ ತಡೆಯಿದೆಯೇ ಎಂದು ಒಮ್ಮೆ ನೋಡಿ. ಪೂರ್ತಿ ಬರೆಸಿದರೆ ನಿಮ್ಮ ಅನುಭವದ ಯಾವ ವಿವರವೂ ಅದರಲ್ಲಿ ಬರುವುದಿಲ್ಲ, ಏಕೆಂದರೆ ಅದು ಆ ಸಾಧನಕ್ಕೆ ಗೊತ್ತಿಲ್ಲ. ಒಂದೇ ರಾಶಿಯಲ್ಲಿ ಒಂದೇ ಧಾಟಿಯ ಹತ್ತು ಸಾರಾಂಶಗಳನ್ನು ಓದಿದವರಿಗೆ ಹನ್ನೊಂದನೆಯದು ಎಲ್ಲಿಂದ ಬಂತೆಂದು ಹೇಳಿಕೊಡಬೇಕಿಲ್ಲ.

ಪ್ರಶ್ನೆ: ನನ್ನ ಮಾತು ಆಯ್ಕೆಯಾಗಿದೆ. ಆದರೆ ಕಚೇರಿಯವರು ಅನುಮತಿ ಕೊಡುವುದು ಅನುಮಾನ. ಕೊನೆಯವರೆಗೆ ಕಾದು ನೋಡಲೇ, ಈಗಲೇ ಹೇಳಿಬಿಡಲೇ?

ಉತ್ತರ: ಈಗಲೇ ಹೇಳಿ. ‘ಅನುಮತಿಗೆ ಕಾಯುತ್ತಿದ್ದೇನೆ, ಈ ತಾರೀಖಿನೊಳಗೆ ಖಚಿತಪಡಿಸುತ್ತೇನೆ’ ಎಂದು ಎರಡು ಸಾಲು ಬರೆದರೆ ಅವರು ಹೊಂದಿಸಿಕೊಳ್ಳುತ್ತಾರೆ. ಸಮಿತಿಗಳು ಸಾಮಾನ್ಯವಾಗಿ ಮೀಸಲು ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತವೆ. ಒಂದು ತಿಂಗಳು ಮುಂಚೆ ತಿಳಿದರೆ ಆ ಪಟ್ಟಿಯವರಿಗೆ ತಯಾರಿಗೆ ಸಮಯ ಸಿಗುತ್ತದೆ, ಹಿಂದಿನ ದಿನ ತಿಳಿದರೆ ಖಾಲಿ ಕೋಣೆ ಉಳಿಯುತ್ತದೆ. ಅನುಮತಿ ಕೇಳುವಾಗ ಕಚೇರಿಯವರಿಗೆ ಪ್ರಸ್ತಾವದ ಪ್ರತಿಯನ್ನೂ ಕೊಡಿ. ಭಾಷಣದ ವಿಡಿಯೊ ಮುಕ್ತ ಪರವಾನಗಿಯಲ್ಲಿ ಪ್ರಕಟವಾಗುವ ಸಮ್ಮೇಳನವಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಅವರ ಹಿಂಜರಿಕೆ ಎಷ್ಟೋ ಸಲ ನಿಮ್ಮ ಮಾತಿನ ಬಗ್ಗೆ ಇರುವುದಿಲ್ಲ, ಧ್ವನಿಮುದ್ರಣದ ಬಗ್ಗೆ ಇರುತ್ತದೆ. ಮುದ್ರಣ ಬೇಡವೆಂದು ನಮೂನೆಯಲ್ಲೇ ಗುರುತು ಹಾಕುವ ಸೌಲಭ್ಯ ಕೆಲವು ಕಡೆ ಇದೆ. ನಿಮ್ಮ ಸಮ್ಮೇಳನದಲ್ಲಿ ಅದಿದೆಯೇ ಎಂದು ಆಯೋಜಕರನ್ನು ಕೇಳಿ, ಆಮೇಲೆ ಮೇಲಧಿಕಾರಿಯ ಬಳಿ ಹೋಗಿ.